ದ್ರೌಪದಿ ಕೇಳಿದ ಹೇಳಿಕೆ

ಒಂದೂವರೆ ತಿಂಗಳಿಂದ ದಿನಾ ಬೆಳಿಗ್ಗೆ ದ್ರೌಪದಿ ಗಂಡ ಧರೆಪ್ಪನ ಅಂಗಿ ಹಿಂಡಿ ಒಣಹಾಕುತ್ತಿದ್ದಳು. ಮಾಗಿಯ ಚಳಿಯಲ್ಲೂ ಅವನು ರಾತ್ರಿಯೆಲ್ಲ ಬೆವರಿ, ಹಾಸಿದ ಕಂಬಳಿ ಸಹ ತೊಯ್ದು ತೊಪ್ಪೆಯಾಗಿರುತ್ತಿತ್ತು. ಕುರಿ ಕಾಯುವ ಧರೆಪ್ಪ ಅಕ್ಕಲಕೋಟ ಸೀಮೆಯ ಆ ಊರಿನ ಬೀರಪ್ಪನ ಪೂಜಾರಿಯೂ ಹೌದು. ಆದಿತ್ಯವಾರ ಮೈಮೇಲೆ ದೇವರು ಬಂದಾಗಲೂ ಹಣೆಯಿಂದ ಅಂಗಾಲಿನವರೆಗೆ ಹೀಗೇ ನೀರಿಳಿಯುತ್ತಿತ್ತು. ಹಾಗಾಗಿ ಅತ್ತೆ ಗಂಗುಬಾಯಿ, ದೇವರು ಈಗ ನಿದ್ದೆಯಲ್ಲೂ ಮಗನನ್ನು ಬಿಡುತ್ತಿಲ್ಲ ಎಂದು ಊರಿಗೆಲ್ಲ ಸಾರಿದಳು. ದೇವರಿಳಿದ ಮೈಗೆ ಸೂಜಿ ಚುಚ್ಚಿಸಿದರೆ ಮೈಲಿಗೆ ಎಂದು ಸೊಸೆಯ ಬಾಯಿ ಮುಚ್ಚಿಸಿದಳು. ಊರಿನ ಜಾಣರೆಲ್ಲ ಹೌದೌದೆಂದು ತಲೆಯಾಡಿಸಿದರು.

ದ್ರೌಪದಿ ಮಾತ್ರ ನಂಬಲಿಲ್ಲ. ಸೊಂಟದ ಉಡದಾರ ಸಡಿಲಾಗಿ ಗಂಡ ಎರಡು ಸಲ ಬಿಗಿದು ಕಟ್ಟಿಕೊಂಡದ್ದನ್ನು ಅವಳು ನೋಡಿದ್ದಳು. ಸಂಜೆಗೆ ಮೈ ಸುಡುತ್ತಿತ್ತು, ಕೆಮ್ಮು ಬಿಟ್ಟಿರಲಿಲ್ಲ. ದೇವರು ಬಂದರೆ ಬರಲಿ, ಮೈಯ ಮಾಂಸ ಯಾಕೆ ತಿನ್ನುತ್ತಾನೆ? ಸುಮ್ಮನಿದ್ದರೆ ಗಂಡ ಕೈತಪ್ಪುತ್ತಾನೆಂದು ಅವಳಿಗೆ ಖಾತ್ರಿಯಾಯಿತು. ಅತ್ತೆಯ ಮಾತು ಮೀರಬಲ್ಲವನು ಆ ಊರಲ್ಲಿ ಬೀರಪ್ಪ ಒಬ್ಬನೇ.

ಆದಿತ್ಯವಾರ ಡೊಳ್ಳು ಬಡಿದರು. ಧರೆಪ್ಪ ನಡುಗುತ್ತ ಎದ್ದುನಿಂತ. ದೇವರ ಹೇಳಿಕೆ ಕೇಳಲು ನಿಂತವರನ್ನೆಲ್ಲ ಸರಿಸಿ ದ್ರೌಪದಿ ಮುಂದೆ ಹೋಗಿ ಅವನ ಕಾಲು ಹಿಡಿದಳು.

“ಅಪ್ಪಾ, ನಿನ್ನ ಪೂಜಾರಿನ್ನ ಸೊಲ್ಲಾಪುರದ ದವಾಖಾನಿಗಿ ಒಯ್ಯಲೇನು? ಹೂಂ ಅಂತೀಯೋ ಬ್ಯಾಡ ಅಂತೀಯೋ, ಎಲ್ಲಾರ ಮುಂದ ಹೇಳು.”

ಡೊಳ್ಳು ನಿಂತಿತು. ಗಂಗುಬಾಯಿಯ ಮುಖ ಕೆಂಡವಾಯಿತು. ದ್ರೌಪದಿ ಹಿಡಿದಿದ್ದ ಕಾಲು ಒಣಗಿತ್ತು, ಒಂದು ಹನಿ ಬೆವರಿರಲಿಲ್ಲ. ದೇವರು ಬಂದೇ ಇಲ್ಲವೆಂದು ಅವಳಿಗೆ ತಿಳಿಯಿತು. ಈಗ ಉತ್ತರ ಕೊಡಬೇಕಾದವನು ಗಂಡನೇ. ಅವನಿಗೂ ಜೀವದ ಭಯವಿತ್ತು, ಪಾಪ.

“ಒಯ್ಯಿ,” ಎಂದ ಧರೆಪ್ಪ. “ನಾಳಿಗೇ ಒಯ್ಯಿ.”

ದೇವರ ಮಾತಿಗೆ ಗಂಗುಬಾಯಿ ಎದುರಾಡಲಿಲ್ಲ. ಮರುದಿನ ಎಸ್.ಟಿ. ಬಸ್ಸಿಗೆ ತಾನೂ ಹತ್ತಿ ಕುಳಿತಳು.

ಸೊಲ್ಲಾಪುರದ ಡಾಕ್ಟರು ಎದೆಯ ಚಿತ್ರ ತೆಗೆಸಿ, ಕ್ಷಯ ಎಂದರು. ಸೂಜಿ, ಗುಳಿಗೆ ತಪ್ಪಿಸದಿದ್ದರೆ ಉಳಿಯುತ್ತಾನೆ ಎಂದರು. ಸೆಕೆಗೋ ದಪ್ಪ ಹೊದಿಕೆಗೋ ಬೆವರಿದರೆ ಚಿಂತೆಯಿಲ್ಲ. ಆದರೆ ಜ್ವರ, ಕೆಮ್ಮು ಇದ್ದು ಮೈ ಇಳಿಯುತ್ತಿರುವಾಗ ರಾತ್ರಿ ಬಟ್ಟೆ ತೊಯ್ದರೆ ಎರಡು ವಾರವೂ ಕಾಯಬಾರದು ಎಂದು ಗದರಿದರು. ದ್ರೌಪದಿಗೆ ಅತ್ತೆಯನ್ನು ಬಾಯಿಗೆ ಬಂದಂತೆ ಬೈಯಬೇಕೆನಿಸಿತು.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗುತ್ತದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲವೆಂದು ದ್ರೌಪದಿ ಹೇಳುವಷ್ಟರಲ್ಲಿ ಗಂಗುಬಾಯಿ ತಲೆ ತಗ್ಗಿಸಿ ಬಾಯಿಬಿಟ್ಟಳು.

“ನನಗೂ ರಾತ್ರಿ ಬೆವರ ಬರತೈತ್ರಿ, ಇವಗಿಂತ ಮೊದಲಿಂದ. ಭಾಳ ಹೆದರಿದ್ದೆ. ಮಗಗೂ ಬಂದ ಮ್ಯಾಲ, ಇದು ದೇವರದ ಅಂತ ಧೈರ್ಯ ತಂದಕೊಂಡೆ.”

ದ್ರೌಪದಿಯ ಸಿಟ್ಟು ಇಳಿಯಿತು. ಅವಳು ಅತ್ತೆಯ ತೋಳು ಹಿಡಿದು, ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ಕೂಡಿಸಿದಳು.