ವಾರ್ಸಿನಿ ಮಾಡಿದ ಕ್ರೇನ್

ವಾರ್ಸಿನಿ ಇಪ್ಪತ್ತಮೂರು ವರ್ಷ ಸುರಬಾಯಾ ಬಂದರಿನಲ್ಲಿ ಕ್ರೇನ್ ನಡೆಸಿದವಳು. ನಲವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಹಡಗಿನ ಹೊಟ್ಟೆಯಿಂದ ಕಂಟೇನರ್‌ಗಳನ್ನು ಎತ್ತಿ ಲಾರಿಗಳ ಮೇಲೆ ಇಳಿಸುತ್ತಿದ್ದಳು. ಬೆನ್ನು ಕೈಕೊಟ್ಟು ಕೆಲಸ ಬಿಟ್ಟ ಮೇಲೆ ನಮ್ಮ ಗಲ್ಲಿಯಲ್ಲಿ ಅವಳಿಗೆ ಮಾಡಲು ಏನೂ ಇರಲಿಲ್ಲ. ದಿನಾ ಬೆಳಿಗ್ಗೆ ನನ್ನ ಕರಿದ ತಿಂಡಿಯ ಅಂಗಡಿಗೆ ಬಂದು ಕೂತು, ನಾನು ಜಾಲರಿ ಸೌಟು ಹಿಡಿಯುವ ರೀತಿಯಲ್ಲಿ ತಪ್ಪು ಹುಡುಕುತ್ತಿದ್ದಳು.

ಜುಲೈ ಕೊನೆಯಲ್ಲಿ ಒಂದು ದಿನ ಇಬ್ಬರೂ ಮಿನಿಮಾರ್ಕೆಟ್ಟಿಗೆ ಹೋದೆವು. ಬಾಗಿಲ ಪಕ್ಕದಲ್ಲೇ ಗೊಂಬೆ ಎತ್ತುವ ಯಂತ್ರವಿತ್ತು. ಗಾಜಿನೊಳಗೆ ಹತ್ತಿ ಗೊಂಬೆಗಳ ರಾಶಿ, ಅದರ ಮೇಲೆ ಮೂರು ಬೆರಳಿನ ಉಕ್ಕಿನ ಕೈ. ವಾರ್ಸಿನಿ ನಾಣ್ಯ ಹಾಕಿ ಸನ್ನೆಗೋಲು ಹಿಡಿದಳು. ಕೈ ಸರಿಯಾಗಿ ನೀಲಿ ಆನೆಯ ಸೊಂಟದ ಮೇಲೇ ಇಳಿಯಿತು, ಎತ್ತಿತು, ಅರ್ಧ ದಾರಿಯಲ್ಲಿ ಬೆರಳು ಸಡಿಲಿಸಿತು. ಒಂಬತ್ತು ಸಲವೂ ಹಾಗೇ ಆಯಿತು.

"ಹಡಗು ಖಾಲಿ ಮಾಡ್ದೋಳಿಗೆ ಒಂದು ಹತ್ತಿ ಆನೆ ಎತ್ತೋಕಾಗ್ಲಿಲ್ವಲ್ಲಕ್ಕ!" ಎಂದು ನಾನು ನಕ್ಕೆ. ಅಷ್ಟಕ್ಕೇ ಸುಮ್ಮನಿರದೆ ಸಂಜೆಯೊಳಗೆ ಇಡೀ ಗಲ್ಲಿಗೆ ಹೇಳಿಬಿಟ್ಟೆ.

ಮಾರನೆಯ ದಿನ ಅವಳು ನೆಟ್ಟಗೆ ನನ್ನೆದುರು ಬಂದು ನಿಂತಳು. "ನನ್ ಕೈ ಸರಿಯಾಗೇ ಇದೆ, ಹೋಲಿಫಾ. ಕಳ್ಳತನ ಆ ಯಂತ್ರದ್ದು. ಎತ್ತೋವಾಗ ಹಿಡಿತ ಬಿಡೋ ಹಾಗೆ ಮಾಡಿಟ್ಟವ್ರೆ."

"ಹಂಗಾದ್ರೆ ಕಳ್ಳತನ ಮಾಡ್ದೇ ಇರೋದು ಒಂದು ನೀನೇ ಮಾಡು ನೋಡಣ."

"ಮಾಡ್ತೀನಿ. ಆಗಸ್ಟ್ ಹದಿನೇಳಕ್ಕೆ, ಸ್ವಾತಂತ್ರ್ಯದ ದಿನ, ನಮ್ ಗಲ್ಲಿ ಆಟದಲ್ಲಿ ಇಡ್ತೀನಿ. ಹಿತ್ತಲಲ್ಲಿ ಬಿದ್ದಿದ್ಯಲ್ಲ, ಆ ಗಾಜಿನ ಬೀರು ಕೊಡು."

ಹಳೆಯ ತಿಂಡಿಯ ಬೀರು ಅದು. ಕೊಟ್ಟೆ. ಅಲ್ಲಿಂದ ಎರಡೂವರೆ ವಾರ ಅವಳ ಮನೆಯಂಗಳದಲ್ಲಿ ಗರಗಸದ ಸದ್ದು. ಬೀರುವಿನ ಮೇಲ್ಭಾಗಕ್ಕೆ ಎರಡು ಕಂಬಿ ಕೂರಿಸಿ, ಅದರ ಮೇಲೆ ಓಡಾಡಲು ಹಲಗೆಯ ಪುಟ್ಟ ಗಾಡಿ ಮಾಡಿದಳು. ಗಾಡಿಯನ್ನು ಅತ್ತಿತ್ತ ಎಳೆಯಲು ಒಂದು ಹಿಡಿಕೆ, ಹಿಂದೆ ಮುಂದೆ ಸರಿಸಲು ಇನ್ನೊಂದು, ನೈಲಾನ್ ದಾರದ ತುದಿಯ ಕೈಯನ್ನು ಇಳಿಸಿ ಎತ್ತಲು ಮತ್ತೊಂದು. ಬೆರಳುಗಳಿಗೆ ಮುರಿದ ಕೊಡೆಯ ಕಡ್ಡಿ, ಉಗುರಿನ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು. ಬೆರಳು ಮುಚ್ಚಿಸಲು ಎರಡು ಇಂಜೆಕ್ಷನ್ ಸಿರಿಂಜು, ನಡುವೆ ನೀರು ತುಂಬಿದ ತೆಳು ಕೊಳವೆ. ಇಲ್ಲಿ ಒತ್ತಿದರೆ ಅಲ್ಲಿ ಮುಷ್ಟಿ ಬಿಗಿಯುತ್ತಿತ್ತು.

ಮೊದಲ ಸಲ ಬಿಗಿಯಲಿಲ್ಲ. ಬೆರಳುಗಳು ಚಳಿ ಜ್ವರ ಬಂದಂತೆ ನಡುಗಿದವು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಕೊಳವೇಲಿ ಗಾಳಿ ಸೇರ್ಕೊಂಡಿದೆ, ಅಷ್ಟೇ," ಎಂದು ನೀರೆಲ್ಲ ಚೆಲ್ಲಿ, ಬಕೆಟ್ಟಿನಲ್ಲಿ ಮುಳುಗಿಸಿಟ್ಟೇ ಮತ್ತೆ ತುಂಬಿಸಿದಳು. ಈ ಸಲ ಕೈ ಒಂದು ಸೋಪನ್ನು ಎತ್ತಿ, ಹಿಡಿದು, ತಂದು ಕೆಳಗಿಟ್ಟಿತು. ವಾರ್ಸಿನಿ ಹಿಡಿಕೆಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಆಟದ ಹಿಂದಿನ ದಿನ ಹಾಜಿ ಮಸ್ರೂರ್ ಬಂದರು. ಅವರು ಬೇಡವೆಂದರೆ ನಮ್ಮ ಗಲ್ಲಿಯಲ್ಲಿ ಯಾವುದೂ ನಡೆಯುವುದಿಲ್ಲ.

"ಇದು ಜೂಜಲ್ವೇನಮ್ಮ? ಅದೃಷ್ಟ ನಂಬ್ಕೊಂಡು ಆಡೋದು?"

"ಇದಕ್ಕೆ ಕಾಸೂ ಇಲ್ಲ, ಅದೃಷ್ಟಾನೂ ಬೇಕಾಗಿಲ್ಲ, ಹಾಜಿ. ಕೈ ನೆಟ್ಟಗಿದ್ರೆ ಸಾಮಾನು ಬರುತ್ತೆ. ಕೂತ್ಕೊಳಿ, ನೀವೇ ನೋಡಿ."

ಹಾಜಿ ಅನುಮಾನದಿಂದಲೇ ಕೂತರು. ಮೂರನೆಯ ಸಲಕ್ಕೆ ಒಂದು ನೂಡಲ್ಸ್ ಪೊಟ್ಟಣ ಎತ್ತಿದರು. ಆಮೇಲೆ ಇನ್ನೊಂದು. ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳುವವರೆಗೂ ಏಳಲೇ ಇಲ್ಲ. ಹೋಗುವಾಗ, "ಜೂಜಲ್ಲ ಬಿಡು," ಎಂದರು.

ಹದಿನೇಳರ ಬೆಳಿಗ್ಗೆ ಬೀರುವಿನ ತುಂಬ ನೂಡಲ್ಸ್, ಸೋಪು, ಸಕ್ಕರೆ, ಕಾಫಿಪುಡಿ. ಗೋಣಿಚೀಲದೊಳಗೆ ಕಾಲಿಟ್ಟು ಓಡುತ್ತಿದ್ದವರೂ ಆಟ ಬಿಟ್ಟು ಬಂದು ಸಾಲಿನಲ್ಲಿ ನಿಂತರು. ಮೋಸವಿಲ್ಲದ ಯಂತ್ರದ ತೊಂದರೆ ಆಗಲೇ ಗೊತ್ತಾದದ್ದು. ಹಿಡಿದದ್ದನ್ನು ಅದು ಬಿಡುತ್ತಲೇ ಇರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಬೀರು ಖಾಲಿಯಾಯಿತು. ಸಾಲಿನಲ್ಲಿ ಇನ್ನೂ ಐವತ್ತು ಜನ.

"ಆಟ ಮುಗೀತಾ ಅಕ್ಕ?" ಎಂದು ಯಾರೋ ಕೂಗಿದರು.

"ಯಾಕೆ ಮುಗಿಯುತ್ತೆ? ಮನೇಲಿ ಏನೈತೋ ತನ್ನಿ!" ಎಂದಳು ವಾರ್ಸಿನಿ.

ತಂದರು. ಬದನೆಕಾಯಿ, ಒಂಟಿ ಚಪ್ಪಲಿ, ಮಾವನ ಟೋಪಿ, ಬೆಳ್ಳುಳ್ಳಿ ಗೊಂಚಲು. ಎತ್ತಿದವರು ನಗುತ್ತಾ ಮತ್ತೆ ಒಳಗೇ ಹಾಕುತ್ತಿದ್ದರು. ನನ್ನ ಹಳೆಯ ಬುದ್ಧಿ ಹೋಗಬೇಕಲ್ಲ, ಅಂಗಡಿಯಿಂದ ಒಂದು ಹಸಿ ಮೊಟ್ಟೆ ತಂದು ನಡುವೆ ಇಟ್ಟೆ.

"ಈಗ ಎತ್ತು ನೋಡಣ, ಬಂದರಿನ ರಾಣಿ!"

ವಾರ್ಸಿನಿ ಸ್ಟೂಲು ಬಿಟ್ಟೆದ್ದಳು. "ನಾನಲ್ಲ, ನೀನು ಎತ್ತು."

ಎಲ್ಲರ ಮುಂದೆ ಹಿಂಜರಿಯುವುದು ಹೇಗೆ? ಕೂತೆ. ಗಾಡಿ ಸರಿಸಿದ್ದೇ ತಡ, ಕೈ ಉಯ್ಯಾಲೆಯಾಯಿತು. ನಿಲ್ಲಿಸಲೆಂದು ಹಿಂದಕ್ಕೆ ಎಳೆದೆ. ಇನ್ನೂ ಜೋರಾಗಿ ತೂಗಿತು.

"ಅದರ ಜೊತೆ ಜಗಳಕ್ಕೆ ನಿಲ್ಬೇಡ," ಎಂದಳು ಕಿವಿಯ ಬಳಿ ಬಾಗಿ. "ಅದು ಯಾವ ಕಡೆ ಹೋಗುತ್ತೋ ಆ ಕಡೇನೇ ಒಂದು ಚೂರು ಹೋಗು. ತಾನಾಗೇ ನಿಲ್ಲುತ್ತೆ."

ಹೋದೆ. ನಿಂತಿತು! ಇಳಿಸಿದೆ, ಉಸಿರು ಬಿಗಿಹಿಡಿದು ಸಿರಿಂಜು ಒತ್ತಿದೆ. ರಬ್ಬರ್ ಬೆರಳುಗಳು ಮೊಟ್ಟೆಯನ್ನು ಸುತ್ತುವರಿದವು. ಮೆಲ್ಲಗೆ ಎತ್ತಿ, ಸಾಮಾನು ಇಳಿಸಲು ಮೂಲೆಯಲ್ಲಿಟ್ಟಿದ್ದ ಬಟ್ಟಲಿನ ಕಡೆ ಸರಿಸಿದೆ. ಕೆಳಗೆ ಜನ ಓಡಾಡುತ್ತಿರುವಾಗ, ಸಮುದ್ರದ ಗಾಳಿ ಬೀಸುತ್ತಿರುವಾಗ, ಮೂವತ್ತು ಟನ್ನಿನ ಪೆಟ್ಟಿಗೆಯನ್ನು ಇವಳು ದಿನಕ್ಕೆ ನೂರು ಸಲ ಹೀಗೇ ಇಳಿಸುತ್ತಿದ್ದಳಲ್ಲ ಎಂದು ಆಗ ಮೊದಲ ಬಾರಿ ನನಗೆ ಹೊಳೆಯಿತು. ಮೊಟ್ಟೆ ಬಟ್ಟಲಿಗೆ ಇಳಿದಾಗ ಸದ್ದೂ ಆಗಲಿಲ್ಲ. ಗಲ್ಲಿಯೆಲ್ಲ ಹೋ ಎಂದಿತು.

"ನಾನು ಗಲ್ಲಿಗೆಲ್ಲ ಹೇಳ್ಕೊಂಡು ಬಂದಿದ್ದು ತಪ್ಪಾಯ್ತಕ್ಕ," ಎಂದೆ.

"ಗೊತ್ತು. ಏಳು, ಹಿಂದಿರೋರು ಕಾಯ್ತಾವ್ರೆ."

ಸಂಜೆ ಪಕ್ಕದ ಗಲ್ಲಿಯ ಮುಖ್ಯಸ್ಥ ಬಂದು, ಭಾನುವಾರದ ಆಟಕ್ಕೆ ಈ ಕ್ರೇನ್ ಪೆಟ್ಟಿಗೆ ಕೊಡುತ್ತೀರಾ ಎಂದು ಕೇಳಿದ. "ಪೆಟ್ಟಿಗೆ ಒಂದನ್ನೇ ಕಳ್ಸಲ್ಲ. ಜೊತೇಲಿ ಆಪರೇಟರ್ ಬರ್ತಾಳೆ," ಎಂದಳು ವಾರ್ಸಿನಿ.

ತಿಂಗಳು ಮುಗಿಯುವುದರೊಳಗೆ ನಾಲ್ಕು ಗಲ್ಲಿ ಸುತ್ತಿದೆವು. ತಳ್ಳುಗಾಡಿ ನನ್ನದು, ತಳ್ಳುವವಳೂ ನಾನೇ. ಹಳ್ಳ ಬಂದಾಗಲೆಲ್ಲ ಎಡಕ್ಕೆ, ಬಲಕ್ಕೆ, ನಿಧಾನ ಎಂದು ಅವಳು ಮುಂದೆ ನಡೆಯುತ್ತಾ ಕೈಸನ್ನೆ ಮಾಡುತ್ತಿದ್ದಳು.