ಅಮ್ಮನ ಹೆಸರಿನ ಕೊಳವೆ

ನಾನು ಸಿದ್ಧಪಡಿಸಿದ ವರದಿಗೆ ಡಾಕ್ಟರ ಸಹಿ ಬೀಳಲು ಇನ್ನೊಂದು ಗಂಟೆಯಿತ್ತು. ಆಟಿಸಂ ಇರುವ ಐದು ವರ್ಷದ ಹುಡುಗಿ. ಅವಳ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದೇ ಬದಲಾವಣೆ ತಾಯಿಯ ರಕ್ತದಲ್ಲೂ ಇದೆ, ತಂದೆಯದರಲ್ಲಿ ಇಲ್ಲ ಎನ್ನುತ್ತಿತ್ತು ವರದಿ. ಅಂದರೆ ತಾಯಿಯಿಂದ ಬಂದದ್ದು.

ಹೊರಗೆ ಬೆಂಚಿನ ಮೇಲೆ ಆ ತಾಯಿ ಮತ್ತು ಅವಳ ಅತ್ತೆ ಕೂತಿದ್ದರು. "ನಮ್ಮ ವಂಶದಲ್ಲಂತೂ ಇಂಥದ್ದಿಲ್ಲ. ಯಾರ ಕಡೆಯಿಂದ ಬಂತು ಅಂತ ಇವತ್ತು ಗೊತ್ತಾಗುತ್ತೆ ಬಿಡು" ಎಂದು ಅತ್ತೆ ರಾಗ ಎಳೆಯುತ್ತಿದ್ದದ್ದು ನಮ್ಮ ಪ್ರಯೋಗಾಲಯದೊಳಗೂ ಕೇಳಿಸುತ್ತಿತ್ತು. ಈ ಮಾತು ಕೇಳಿ ಕೇಳಿಯೇ ಸೊಸೆ ಇನ್ನೊಂದು ಮಗುವಿನ ಆಸೆ ಬಿಟ್ಟಿದ್ದಾಳೆ ಎಂದು ರಕ್ತ ತೆಗೆಯುವ ನರ್ಸಮ್ಮ ಹೇಳಿದ್ದರು. ನನಗೆ ಮೈಯೆಲ್ಲ ಉರಿಯಿತು. ಮೈ ಉರಿದಾಗ ನಾನು ಮಾಡಿದ ಕೆಲಸವನ್ನೇ ಇನ್ನೊಮ್ಮೆ ನೋಡುವವಳು.

ತಾಯಿ ಮಗಳ ವಂಶವಾಹಿ ಕಡತಗಳನ್ನು ಪಕ್ಕಪಕ್ಕ ತೆರೆದೆ. ಮಗುವಿಗೆ ಅರ್ಧ ಅಮ್ಮನದು, ಅರ್ಧ ಅಪ್ಪನದು ತಾನೆ? ಇಲ್ಲಿ ನೋಡಿದಲ್ಲೆಲ್ಲ ಇಬ್ಬರದೂ ಒಂದೇ, ಒಂದಕ್ಷರವೂ ಆಚೀಚೆ ಇಲ್ಲ. ಇದು ತಾಯಿಯ ರಕ್ತವೇ ಅಲ್ಲ, ಎರಡೂ ಮಗುವಿನದೇ.

ನರ್ಸಮ್ಮನ ಬಳಿ ಓಡಿದೆ. "ಅಕ್ಕ, ಮಗು ಕೈಯಿಂದ ಎಷ್ಟು ಕೊಳವೆ ರಕ್ತ ತೆಗೆದ್ರಿ?"

"ಎರಡು ಕಣೇ. ಪಾಪ, ಒದ್ದಾಡ್ತಿತ್ತು. ಮತ್ತೆ ಚುಚ್ಚೋದು ಬೇಡ ಅಂತ ಒಂದು ಹೆಚ್ಚಿಗೆ ತೆಗೆದೆ." ಅವರ ಮುಖ ಬಿಳಿಚಿಕೊಂಡಿತು. "ಹೆಸರಿನ ಚೀಟಿ ಮೊದಲೇ ಬರೆದಿಟ್ಟಿದ್ದೆ. ಅಯ್ಯೋ, ಅಮ್ಮನ ಚೀಟಿ ಅದಕ್ಕೇ ಅಂಟಿಸಿಬಿಟ್ನಾ? ಕೊನೆಗೆ ಚೀಟಿ ಇಲ್ಲದ್ದೊಂದು ಉಳೀತು, ಹೆಚ್ಚಿಗೇದು ಅಂತ ಎಸೆದೆ. ಅದೇ ಅಮ್ಮಂದು!"

ಡಾಕ್ಟರು ಪೆನ್ನು ಹಿಡಿದಿದ್ದರು. "ಸಹಿ ಹಾಕ್ಬೇಡಿ ಸಾರ್" ಎಂದೆ.

"ಯಾವಾಗಲೂ ನಿಂದೊಂದು ತಕರಾರು ಕಣಮ್ಮ" ಎಂದು ಗೊಣಗಿದವರು ಕಡತ ನೋಡಿ ಪೆನ್ನು ಕೆಳಗಿಟ್ಟರು.

ತಾಯಿಯ ರಕ್ತ ಹೊಸದಾಗಿ ತೆಗೆಸಿ, ಚೀಟಿಯನ್ನು ನಾನೇ ಅಂಟಿಸಿದೆ. ಎರಡು ವಾರಕ್ಕೆ ಫಲಿತಾಂಶ ಬಂತು. ಆ ಬದಲಾವಣೆ ತಂದೆಯಲ್ಲಂತೂ ಇರಲಿಲ್ಲ, ತಾಯಿಯಲ್ಲೂ ಇಲ್ಲವೇ ಇಲ್ಲ. ಕುಣಿದುಬಿಡೋಣ ಎನ್ನಿಸಿತು ನನಗೆ.

ಡಾಕ್ಟರು ಅತ್ತೆ ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು. "ಇದು ಯಾರ ಮನೆಯಿಂದಲೂ ಬಂದಿದ್ದಲ್ಲ. ಜೀವ ಮೊಳೆಯೋ ಹೊತ್ತಲ್ಲಿ ಹೊಸದಾಗಿ ಆಗಿದ್ದು. ಇನ್ನೊಂದು ಮಗುಗೆ ಹೀಗಾಗೋ ಸಾಧ್ಯತೆ ತೀರಾ ಕಡಿಮೆ."

"ಹಾಗಾದ್ರೆ ತಪ್ಪು ಯಾರದು?" ಎಂದರು ಅತ್ತೆ.

ಉತ್ತರ ಕೊಟ್ಟವಳು ಸೊಸೆ. "ನನ್ನ ಮಗಳು ಯಾರ ತಪ್ಪೂ ಅಲ್ಲ ಅತ್ತೆ. ನೆಂಟರಿಗೆಲ್ಲ ಫೋನ್ ಮಾಡಿ ನನ್ನ ದೂರಿದ್ರಲ್ಲ, ಈಗ ಇದನ್ನೂ ನೀವೇ ಹೇಳಿ. ಇಲ್ಲೇ, ನನ್ನೆದುರಿಗೆ."

ಅತ್ತೆ ಡಾಕ್ಟರ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಕದಲಲಿಲ್ಲ. ಕೊನೆಗೆ ಚೀಲದಿಂದ ಫೋನು ತೆಗೆದು ತಂಗಿಗೆ ಕರೆ ಮಾಡಿದರು.

"ನಾನು ಕಣೆ. ಸೊಸೆ ವಿಷಯದಲ್ಲಿ ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳು" ಎಂದರು.

ಸೊಸೆ ಪಕ್ಕದಲ್ಲೇ ನಿಂತು, ಮುಂದಿನ ನಂಬರು ಹುಡುಕಿಕೊಟ್ಟಳು.