ಮಾರ್ಚ್ ಮುಗಿಯುವುದರೊಳಗೆ

ಬೆಂಗೇರಿಯ ಸಿದ್ದಪ್ಪನವರ ಮನೆಯ ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಗೆ ಒರಗಿಸಿಟ್ಟ ಒಂದು ಪ್ಲಾಸ್ಟಿಕ್ ಕಾರ್ಡು ಇತ್ತು. ಅದು ಕಿರಿಯ ಮಗ ಶಿವಯೋಗೀಶನಿಗೆ ತಾರಿಹಾಳದ ಕಾರ್ಖಾನೆಯವರು ಮಾಡಿಸಿಕೊಟ್ಟ ವಿಮೆ. ಮನೆಮಂದಿಗೆಲ್ಲ ಅನ್ವಯಿಸುತ್ತಿತ್ತು. ಅದಕ್ಕೆ ದಿನಾ ಊದಿನಕಡ್ಡಿಯ ಹೊಗೆಯೂ ಸಲ್ಲುತ್ತಿತ್ತು.

ಆ ಕಾರ್ಡಿಗೆ ಒಂದು ನಿಯಮ. ಆಸ್ಪತ್ರೆಯಲ್ಲಿ ಒಂದು ದಿನವಾದರೂ ಮಲಗಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಗುಳಿಗೆಗೆ ಇಲ್ಲ, ರಕ್ತಪರೀಕ್ಷೆಗೆ ಇಲ್ಲ, ವೈದ್ಯರ ಸಲಹೆಗೆ ಇಲ್ಲ. ಹೀಗಾಗಿ ಮಲಗಿಸಿಕೊಳ್ಳುವಷ್ಟು ಬೆಳೆಯದ ರೋಗಕ್ಕೆ ಆ ಮನೆಯಲ್ಲಿ ಮರ್ಯಾದೆ ಇರಲಿಲ್ಲ. ಇನ್ನೊಂದು ನಿಯಮ: ಮಾರ್ಚಿಗೆ ವರ್ಷ ಮುಗಿಯುತ್ತದೆ. ನಲವತ್ತು ವರ್ಷ ಕಾಳಿನ ವ್ಯಾಪಾರ ಮಾಡಿದ ಸಿದ್ದಪ್ಪನವರಿಗೆ, ಬಳಸದೆ ಉಳಿದ ವಿಮೆ ಎಂದರೆ ಗೋದಾಮಿನಲ್ಲಿ ನುಸಿ ಹಿಡಿದ ಜೋಳವಿದ್ದಂತೆ.

ಕಾರ್ಡಿಗಿಂತ ಹಳೆಯದಾದ ಪದ್ಧತಿಯೊಂದು ಆ ಮನೆಯಲ್ಲಿತ್ತು. ಎರಡು ಮಕ್ಕಳಾದ ಮೇಲೆ ಹೆಂಗಸರು ಗರ್ಭಚೀಲ ತೆಗೆಸಿಬಿಡುವುದು. ಸಿದ್ದಪ್ಪನವರ ಹೆಂಡತಿ ಗೌರಕ್ಕ ಮೂವತ್ತಾರಕ್ಕೆ ತೆಗೆಸಿದ್ದರು. ಹಿರಿಯ ಸೊಸೆ ನೀಲವ್ವ ಮೂವತ್ತೊಂದಕ್ಕೆ. ಮಗುವಿನ ಮೊದಲ ಕೂದಲ ಜಾವಳ ತೆಗೆಸಿದಂತೆ ಅದೂ ಒಂದು ಕಾರ್ಯ. ಬೀಗರು ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ನೋಡಲು ಬರುತ್ತಿದ್ದರು.

ಇದನ್ನು ಮಡಿಮೈಲಿಗೆಯ ಮನೆ ಎಂದು ತಿಳಿಯಬಾರದು. ಶರಣರ ಮನೆ, ಇಲ್ಲಿ ಸೂತಕವಿಲ್ಲ, ಮುಟ್ಟಾದವರು ಮೂಲೆಯಲ್ಲಿ ಕೂರುವುದಿಲ್ಲ ಎಂದು ಗೌರಕ್ಕ ಹೆಮ್ಮೆಯಿಂದ ಹೇಳುತ್ತಿದ್ದರು. ಮಾತು ನಿಜವೇ. ವಿಶ್ರಾಂತಿ ಮೂಲೆಯಲ್ಲೂ ಇಲ್ಲ, ಎಲ್ಲೂ ಇಲ್ಲ. ಮೂರು ಹೊತ್ತೂ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂರಬೇಕು.

ಕಿರಿಯ ಸೊಸೆ ರಜನಿ ಮುಗದದ ಹುಡುಗಿ. ಮೂವತ್ತೆರಡು ವರ್ಷ, ಇಬ್ಬರು ಮಕ್ಕಳು. ಒಂದು ವರ್ಷದಿಂದ ತಿಂಗಳಿಗೆ ಹತ್ತು ದಿನ ಸ್ರಾವ. ರೊಟ್ಟಿ ಬಡಿದು ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಗೌರಕ್ಕ ಕೆಟ್ಟವರಲ್ಲ, ಸೊಸೆಯ ಸಂಕಟ ಅವರಿಗೆ ಕಾಣುತ್ತಿತ್ತು.

"ಸುಮ್ನ ಯಾಕ ಬ್ಯಾನಿ ತಿಂತೀಯವಾ? ಮಕ್ಕಳಾಗ್ಯಾವ. ಇನ್ನ ಆ ಚೀಲಾ ಇಟಗೊಂಡು ಸಂತಿಗಿ ಹೋಗೂದೈತೇನು? ತಗಸಿ ಒಗದ್ಬಿಡು."

ಪಕ್ಕದಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದ ನೀಲವ್ವ ತಲೆ ಎತ್ತಲಿಲ್ಲ. ಮೂವತ್ತೊಂಬತ್ತನೆಯ ವಯಸ್ಸಿಗೆ ಅವಳು ಜನವರಿಯಲ್ಲೂ ಬೆವರುತ್ತಿದ್ದಳು. ದೀಪಾವಳಿಯಲ್ಲಿ ಕೊಡ ಎತ್ತಲು ಹೋಗಿ ಮಣಿಕಟ್ಟು ಮುರಿದಿತ್ತು. ಪ್ಲೇಟು ಹಾಕಿಸಿದ್ದು ಇದೇ ಕಾರ್ಡಿನಿಂದ. ತೆಗೆಸಿದ್ದಕ್ಕೂ ಮುರಿದಿದ್ದಕ್ಕೂ ಸಂಬಂಧವಿದ್ದೀತೆ ಎಂದು ಮನೆಯವರು ಕೇಳಲಿಲ್ಲ, ವಿಮೆಯವರೂ ಕೇಳಲಿಲ್ಲ. ದುಡ್ಡು ಕೊಟ್ಟವರಿಗೂ ಪಡೆದವರಿಗೂ ಒಟ್ಟಿನಲ್ಲಿ ಸಮಾಧಾನ.

ಮಗಳಿಗೆ ಚುಚ್ಚುಮದ್ದು ಹಾಕಿಸುವ ನೆಪದಲ್ಲಿ ರಜನಿ ಸರ್ಕಾರಿ ದವಾಖಾನೆಗೆ ಹೋದಳು. ಅಲ್ಲಿನ ವೈದ್ಯೆ ಪ್ರಭಾವತಿ ರಕ್ತ ತೆಗೆಸಿದರು, ದೊಡ್ಡಾಸ್ಪತ್ರೆಗೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ವಾರ ಬಿಟ್ಟು ಕರೆದು ಕೂರಿಸಿದರು.

"ನಿನ್ನ ಗರ್ಭಚೀಲ ಛಲೋ ಐತಿ. ಥೈರಾಯ್ಡ್ ಕೆಟ್ಟೈತಿ, ಅದಕ್ಕ ಇಷ್ಟು ಹೋಗಾಕತ್ತೈತಿ. ಮೈಯಾಗ ರಕ್ತ ಅರ್ಧಾ ಉಳದೈತಿ. ಗುಳಿಗಿ ತಗೋ, ಮೂರು ತಿಂಗಳು ನೋಡೂಣು."

ರಜನಿ ನೀಲವ್ವನ ಕಥೆ ಹೇಳಿದಳು. ಪ್ರಭಾವತಿ ಮರುದಿನ ಅವಳ ಕೈಲಿ ನೀಲವ್ವನ ಆಪರೇಶನ್ನಿನ ಹಳೆಯ ಚೀಟಿ ತರಿಸಿ ನೋಡಿದರು. ಚೀಲದ ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದರು. ಅಷ್ಟು ಚಿಕ್ಕ ವಯಸ್ಸಿಗೆ ಅವು ಹೋದರೆ ಎಲುಬು ಸವೆಯುತ್ತದೆ ಎಂದು ಬಿಡಿಸಿ ಹೇಳಿ, ಕನ್ನಡಕ ತೆಗೆದರು.

"ಈ ಗುಳಿಗಿಗೆ ಯಾವ ವಿಮೇನೂ ಬರಂಗಿಲ್ಲ. ಕೊಯ್ಯಾಕ ಬರ್ತೈತಿ. ಕೊಯ್ದದ್ದಕ್ಕ ಎಲುಬು ಮುರದ್ರ ಅದಕ್ಕೂ ಬರ್ತೈತಿ. ದೇಶದಾಗ ದವಾಖಾನಿ ಖರ್ಚು ಯಾಕ ಏರಾಕತ್ತೈತಿ ಅಂತ ದೊಡ್ಡವರು ಮೀಟಿಂಗ್ ಮಾಡ್ತಾರ. ಒಬ್ಬಾಕಿ ನರ್ಸ್ ಕೊಡ್ರಿ ಅಂತ ನಾ ಬರದು ವರ್ಷಾತು."

ಮನೆಗೆ ಬಂದು ರಜನಿ ಎಲುಬಿನ ಮಾತನ್ನು ನೀಲವ್ವನ ಕಿವಿಗೆ ಹಾಕಿದಳು. ಗುಳಿಗೆಯ ಪಟ್ಟಿ ನೋಡಿ ಸಿದ್ದಪ್ಪನವರು ನಕ್ಕರು. ಪುಕ್ಕಟೆ ಗುಳಿಗೆಯಲ್ಲಿ ಬರೀ ಸುಣ್ಣವಿರುತ್ತದೆ ಎಂದರು. ಆಪರೇಶನ್ನೂ ಪುಕ್ಕಟೆಯೇ ಅಲ್ಲವೆ ಎಂದು ರಜನಿ ಮೆಲ್ಲಗೆ ಕೇಳಿದ್ದಕ್ಕೆ, ಅದು ಪುಕ್ಕಟೆಯಲ್ಲ, ಹಕ್ಕು ಎಂದರು. ಶಿವಯೋಗೀಶ ಹೆಂಡತಿಯನ್ನು ಬೈಯುವವನಲ್ಲ. ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ ಅಷ್ಟರಲ್ಲಿ ಮಾರ್ಚ್ ಮುಗಿದಿರುತ್ತದಲ್ಲ ಎಂದಷ್ಟೇ ಕೇಳಿದ. ಮುಗದಕ್ಕೆ ಫೋನ್ ಮಾಡಿದರೆ ತಾಯಿ, ತಾನೂ ತೆಗೆಸಿಯೇ ಅರಾಮಾಗಿದ್ದೇನೆ ಎಂದಳು. ಅವಳು ಹತ್ತು ವರ್ಷದಿಂದ ನಡುವಿಗೆ ಪಟ್ಟಿ ಕಟ್ಟಿಕೊಂಡೇ ಅರಾಮಾಗಿದ್ದಳು.

ಎಲ್ಲರೂ ರಜನಿಯ ಒಳ್ಳೆಯದನ್ನೇ ಬಯಸಿದ್ದರು. ಸಿಟ್ಟು ಮಾಡುವವರಾದರೆ ಎದುರು ನಿಲ್ಲಬಹುದು. ಮೋಸಂಬಿ ಸುಲಿದು ಬಾಯಿಗಿಡುವವರ ಎದುರು ಹೇಗೆ ನಿಲ್ಲುವುದು? ಮಾರ್ಚ್ ಇಪ್ಪತ್ತಾರಕ್ಕೆ ದಿನ ಗೊತ್ತಾಯಿತು. ವಿಮೆಯ ಮಂಜೂರಾತಿ ಮಧ್ಯಾಹ್ನಕ್ಕೇ ಮೊಬೈಲಿಗೆ ಬಂತು. ಗೌರಕ್ಕ ತಮ್ಮ ಮಂಚವನ್ನೇ ಬಿಟ್ಟುಕೊಟ್ಟು ಅದಕ್ಕೆ ಹೊಸ ಚಾದರ ಹಾಸಿದರು.

ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಜುಲ್ಫಿಕಾರ ಎಂಬ ಗುಮಾಸ್ತ ಒಂದು ಹಾಳೆ ಮುಂದಿಟ್ಟು, ಕೆಳಗೆ ಸಹಿ ಮಾಡಲು ಹೇಳಿದ. ರಜನಿ ಪೆನ್ನು ಹಿಡಿದು ಮೇಲಿನಿಂದ ಓದತೊಡಗಿದಳು. ಅದನ್ನು ಓದುವವರನ್ನು ಜುಲ್ಫಿಕಾರ ಹೆಚ್ಚು ಕಂಡಿರಲಿಲ್ಲ. 'ಬೇರೆ ಚಿಕಿತ್ಸೆಗಳನ್ನು ಪಡೆದು ಫಲಕಾಣದ ಕಾರಣ, ನನ್ನ ಸ್ವಂತ ಇಚ್ಛೆಯಿಂದ' ಎಂಬಲ್ಲಿ ಅವಳ ಬೆರಳು ನಿಂತಿತು. ಕೈಚೀಲದಲ್ಲಿದ್ದ ಗುಳಿಗೆಯನ್ನು ಅವಳು ಹನ್ನೆರಡು ದಿನ ಕದ್ದು ನುಂಗಿದ್ದಳು.

ಜೊತೆಗಿರಲು ಬಂದಿದ್ದ ನೀಲವ್ವನ ಕಡೆ ತಿರುಗಿದಳು. "ಅಕ್ಕಾ, ನೀ ಇದನ್ನ ಓದಿದ್ದೇನು?"

"ಓದಾಕ ಯಾರು ಕೊಟ್ರವಾ? ಮಾವಾರು ಹಾಕಂದ್ರು, ಹಾಕಿದೆ."

ರಜನಿ ಪೆನ್ನಿನ ಟೋಪಿ ಮುಚ್ಚಿದಳು. "ನಾ ಹಾಕಂಗಿಲ್ರಿ. ಇದರಾಗ ಬರದದ್ದು ಖರೇ ಅಲ್ಲ. ಸರ್ಕಾರಿ ದವಾಖಾನಿ ಡಾಕ್ಟರು ಕೊಟ್ಟ ಗುಳಿಗಿ ಇನ್ನೂ ಹನ್ನೆರಡ ದಿನಾ ತಗೊಂಡೇನಿ."

ಎಲ್ಲರೂ ನೋಡುತ್ತಿದ್ದಾರೆ, ಮನೆಗೆ ಹೋಗಿ ಅಪ್ಪನಿಗೆ ಏನು ಹೇಳಲಿ ಎಂದು ಪಕ್ಕದಲ್ಲಿದ್ದ ಶಿವಯೋಗೀಶ ಗುಸುಗುಟ್ಟಿದ. ಜುಲ್ಫಿಕಾರನ ಚಿಂತೆ ಬೇರೆ. ಮಂಜೂರಾದದ್ದನ್ನು ರದ್ದು ಮಾಡಲು ಕಂಪ್ಯೂಟರು ಕಾರಣ ಕೇಳುತ್ತಿತ್ತು. ಅದರಲ್ಲಿದ್ದವು ಮೂರೇ: ರೋಗಿಯ ಮರಣ, ಬೇರೆ ಆಸ್ಪತ್ರೆಗೆ ವರ್ಗ, ದಿನಾಂಕ ಮುಂದೂಡಿಕೆ.

"ಬೇಕಾಗಿಲ್ಲ ಅಂತ ಬರೀರಿ," ಎಂದಳು ರಜನಿ.

"ಅದು ಇದರಾಗ ಇಲ್ರಿ ಅಕ್ಕಾರ."

"ಮುಂದೂಡಿಕಿ ಅಂತ ಒತ್ರಿ, ಮುಗೀತು," ಎಂದ ಶಿವಯೋಗೀಶ.

"ಒತ್ತಬ್ಯಾಡ್ರಿ. ನಾ ಸತ್ತಿಲ್ಲ, ಬ್ಯಾರೆ ಕಡೆ ಹೊಂಟಿಲ್ಲ, ಮುಂದಕ್ಕೂ ಹಾಕಿಲ್ಲ."

ಹಾಗೆಂದವಳು ಕೌಂಟರಿನೆದುರಿನ ಕುರ್ಚಿಯಲ್ಲಿ ಕುಳಿತಳು. ಎದ್ದರೆ ಹೋಗಬೇಕಾದದ್ದು ಅದೇ ಮನೆಗೆ, ಅದೇ ಹೊಸ ಚಾದರದ ಮಂಚದ ಎದುರಿಗೆ. ಅದು ಅವಳಿಗೂ ಗೊತ್ತಿತ್ತು. ಆದರೂ ಪೆನ್ನು ತೆರೆಯಲಿಲ್ಲ. ಕಂಪ್ಯೂಟರು ಮುಂದೆ ಹೋಗಲಿಲ್ಲ. ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿ ಫೈಲು ಅವಚಿಕೊಂಡು ನಿಂತಿದ್ದ ಮೂವತ್ತರ ಹೆಂಗಸೊಬ್ಬಳು ಬಗ್ಗಿ, ಯಾರಿಗೂ ಕೇಳದಂತೆ, ಗುಳಿಗೆ ಕೊಡುವ ಆ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿದಳು.

ಉತ್ತರ ಕೊಟ್ಟವಳು ನೀಲವ್ವ.

"ಒಂಬತ್ತಕ್ಕ ಬರ್ತಾರ. ನಾಳೆ ನಾನೂ ಹೊಂಟೇನಿ, ಕೂಡೇ ಹೋಗೂಣು."